ಲೈಫ್ ಮೆಂಬರ್‌ಶಿಪ್ ತಗೊಳ್ಳಲಾ, ಬೇಡವಾ?

(ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಯಲಹಂಕ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಸಹಾಯಕ ಪ್ರಾಧ್ಯಾಪಕಿ ನಾನು, ಸೇರಿ ಎರಡು ವರ್ಷ ಆಯಿತು. ಕೋರ್ಸುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುವ ಮುಂಚೆ ಎಲ್ಲರೂ ಐಎಸ್‌ಟಿಇ ಲೈಫ್ ಮೆಂಬರ್ ಆಗಿಬಿಡಿ ಅಂತ ಎಚ್‌ಒಡಿ ಹೇಳುತ್ತಿದ್ದಾರೆ. ದುಡ್ಡು ನಮ್ಮ ಕೈಯಿಂದಲೇ. ಇದು ಕಡ್ಡಾಯವಾ? ನನಗೇನು ಸಿಗುತ್ತದೆ?

ಕಡ್ಡಾಯ ಅಲ್ಲ ಮೇಡಂ. ಡಾಕ್ಟರು ಮೆಡಿಕಲ್ ಕೌನ್ಸಿಲ್‌ನಲ್ಲಿ, ವಕೀಲರು ಬಾರ್ ಕೌನ್ಸಿಲ್‌ನಲ್ಲಿ ಹೆಸರು ಬರೆಸದೆ ಕೆಲಸ ಮಾಡುವ ಹಾಗಿಲ್ಲ. ಎಂಜಿನಿಯರಿಂಗ್ ಮೇಷ್ಟ್ರಿಗೆ ಅಂಥ ಕಟ್ಟು ಇಲ್ಲ. ಐಎಸ್‌ಟಿಇ, ಅಂದರೆ ಇಂಡಿಯನ್ ಸೊಸೈಟಿ ಫಾರ್ ಟೆಕ್ನಿಕಲ್ ಎಜುಕೇಶನ್, ಒಂದು ಸಂಘ. ಸರ್ಕಾರಿ ಕಚೇರಿ ಅಲ್ಲ. ಕೇಂದ್ರ ಸರ್ಕಾರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಜೊತೆ ಇದನ್ನು ಕಲಸಿಕೊಳ್ಳುವವರು ಜಾಸ್ತಿ. ಆದರೆ 1987ರ ಕಾಯ್ದೆಯ ಬಲ ಇರುವುದು ಎಐಸಿಟಿಇಗೆ, ಕಾಲೇಜಿಗೆ ಅನುಮತಿ ಕೊಡುವುದೂ ಅದೇ. ಐಎಸ್‌ಟಿಇ ಶುರುವಾದದ್ದು 1941ರಲ್ಲಿ, ತಾಂತ್ರಿಕ ಸಂಸ್ಥೆಗಳ ಪ್ರಾಂಶುಪಾಲರ ಸಂಘವಾಗಿ. 1968ರಲ್ಲಿ ಈಗಿನ ಹೆಸರು ಬಂತು, ಪಾಠ ಮಾಡುವವರಿಗೂ ಬಾಗಿಲು ತೆರೆಯಿತು. ಪ್ರಾಂಶುಪಾಲರ ಗತ್ತು ಮಾತ್ರ ಇನ್ನೂ ಪೂರ್ತಿ ಹೋದ ಹಾಗಿಲ್ಲ, ನಿಮ್ಮ ಎಚ್‌ಒಡಿ ಮಾತು ಕೇಳಿದರೆ ಗೊತ್ತಾಗುತ್ತದಲ್ವಾ.

ಎನ್‌ಬಿಎ ಮಾತು ಯಾಕೆ ಬಂತು ಅಂದರೆ, ಅವರಿಗೆ ಕೊಡುವ ವರದಿಯಲ್ಲಿ ವೃತ್ತಿ ಸಂಘಗಳ ಚಾಪ್ಟರ್, ಅಂದರೆ ಕಾಲೇಜಿನ ಶಾಖೆ, ಇದೆಯಾ, ಅದು ಏನೇನು ಕಾರ್ಯಕ್ರಮ ಮಾಡಿದೆ ಅಂತ ಬರೆಯಬೇಕಾಗುತ್ತದೆ. ಚಾಪ್ಟರ್ ವರ್ಷವೆಲ್ಲ ಮಲಗಿದ್ದರೆ ತೋರಿಸಲು ಉಳಿಯುವುದು ರಸೀದಿ ಮಾತ್ರ. ಆಗ ಹೀಗೆ ಎಲ್ಲರ ಕೈಯಲ್ಲೂ ದುಡ್ಡು ಕಟ್ಟಿಸುತ್ತಾರೆ.

ಹಾಗಂತ ಸಂಘ ದಂಡ ಅಂತ ನಾನು ಹೇಳುವುದಿಲ್ಲ. ಶಾಲೆಯಲ್ಲಿ ಪಾಠ ಮಾಡಲು ಬಿಎಡ್ ಬೇಕು. ನಾವೋ, ಎಂಟೆಕ್ ಮುಗಿಸಿ ಸೋಮವಾರ ಬೆಳಿಗ್ಗೆ ಅರವತ್ತು ಹುಡುಗರ ಮುಂದೆ ನಿಂತುಬಿಡುತ್ತೇವೆ, ಬೋರ್ಡ್ ಹತ್ತಿರ ಹೇಗೆ ನಿಲ್ಲಬೇಕು ಅಂತ ಕೂಡ ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಕೊರತೆ ತುಂಬಲಿಕ್ಕೇ ಇಂಥ ಸಂಘ ಇರಬೇಕಾದದ್ದು.

ನನ್ನದೇ ಕಥೆ ಕೇಳಿ. ಹೆಸರು ಬೇಡ, ಒಂದು ಕಾಲೇಜಿನಲ್ಲಿ ಐದು ದಿನದ ಎಫ್‌ಡಿಪಿಗೆ, ಅಂದರೆ ಮೇಷ್ಟ್ರುಗಳ ತರಬೇತಿಗೆ, ಹೋಗಿದ್ದೆ. ದೀಪ ಹಚ್ಚಿದರು, ಬ್ಯಾನರ್ ಮುಂದೆ ಫೋಟೋ ಆಯಿತು, ಫೈಲು ಪೆನ್ನು ಕೊಟ್ಟರು. ಊಟದಲ್ಲಿ ಹೋಳಿಗೆ. ಮಧ್ಯಾಹ್ನದ ಸೆಷನ್‌ನಲ್ಲಿ ಅರ್ಧ ಸಭಾಂಗಣ ತೂಕಡಿಸುತ್ತಿತ್ತು, ನಾನೂ ಸೇರಿ. ಆ ಸರ್ಟಿಫಿಕೇಟ್ ಇವತ್ತಿಗೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿದೆ, ವಿಷಯ ಏನಿತ್ತು ಅಂತ ಕೇಳಬೇಡಿ.

ಇನ್ನೊಂದು ಸಲ ಸಣ್ಣದೊಂದು ವರ್ಕ್‌ಶಾಪ್. ಒಬ್ಬೊಬ್ಬರೂ ಹತ್ತು ನಿಮಿಷ ಪಾಠ ಮಾಡಬೇಕು, ಉಳಿದವರು ಹುಡುಗರ ಹಾಗೆ ಕೂರಬೇಕು. ನಾನು ಮಿಲ್ಲಿಂಗ್ ಮೆಷಿನ್ನಿನ ಇಂಡೆಕ್ಸಿಂಗ್ ತಗೊಂಡೆ, ಅಂದರೆ ಗೇರಿಗೆ ಹಲ್ಲು ಕಡಿಯಲು ಸುತ್ತನ್ನು ಸಮಭಾಗ ಮಾಡುವುದು. ಬೋರ್ಡ್ ತುಂಬ ಚಿತ್ರ, 40 ಭಾಗಿಸು ಎನ್ (ಹಲ್ಲುಗಳ ಸಂಖ್ಯೆ) ಅನ್ನುವ ಫಾರ್ಮುಲಾ, ಎರಡು ಲೆಕ್ಕ. ಆಮೇಲೆ ವಿಡಿಯೊ ಹಾಕಿದರು. ಹತ್ತರಲ್ಲಿ ಏಳು ನಿಮಿಷ ಬೋರ್ಡಿಗೇ ಮಾತಾಡಿದ್ದೆ ಪುಣ್ಯಾತ್ಮ! ಹಿಂದೆ ಕೂತಿದ್ದ ಪಾಲಿಟೆಕ್ನಿಕ್‌ನ ಹಿರಿಯ ಮೇಷ್ಟ್ರೊಬ್ಬರು ಮೆಲ್ಲಗೆ ಕೇಳಿದರು, "ಸಾರ್, ಆ ನಲವತ್ತು ಎಲ್ಲಿಂದ ಬಂತು ಅಂತ ಹುಡುಗರಿಗೆ ಗೊತ್ತಾ?" ನಾನು ಹೇಳೇ ಇರಲಿಲ್ಲ.

ಮುಂದಿನ ವಾರ ಹುಡುಗರನ್ನು ಮೆಷಿನ್ ಶಾಪಿಗೆ ಕರೆದುಕೊಂಡು ಹೋದೆ. ಇನ್ನೂ ಹಲ್ಲು ಕಡಿಯದ ಗೇರ್ ಬ್ಲ್ಯಾಂಕ್ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದು, ಕ್ರ್ಯಾಂಕ್ ತಿರುಗಿಸುತ್ತಾ ಎಣಿಸಿ ಅಂದೆ. ಒಬ್ಬ ತಿರುಗಿಸಿದ, ಎಲ್ಲರೂ ಜೋರಾಗಿ ಎಣಿಸಿದರು. ಗೆರೆ ವಾಪಸ್ ಅದೇ ಜಾಗಕ್ಕೆ ಬಂದಾಗ ಸರಿಯಾಗಿ ನಲವತ್ತು. "ಹಂಗಾದ್ರೆ ಇಪ್ಪತ್ತು ಹಲ್ಲಿಗೆ ಒಂದೊಂದಕ್ಕೂ ಎರಡು ಸುತ್ತು" ಅಂತ ಹಿಂದಿನಿಂದ ಯಾರೋ ಅಂದರು. ಫಾರ್ಮುಲಾ ಬರೆಯುವ ಅಗತ್ಯವೇ ಬೀಳಲಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಚಾಪ್ಟರಿನ ಹೋದ ವರ್ಷದ ಫೈಲು ಕೇಳಿ ನೋಡಿ. ಬರೀ ಅತಿಥಿ ಉಪನ್ಯಾಸ, ಎಂಜಿನಿಯರ್ಸ್ ಡೇ ಹಾರ ತುರಾಯಿ ಇದ್ದರೆ ಆತುರ ಬೇಡ. ಪಾಠದ ಬಗ್ಗೆ ಮೇಷ್ಟ್ರುಗಳೇ ಕೂತು ಮಾಡಿದ ಕೆಲಸ ಒಂದೆರಡಾದರೂ ಕಂಡರೆ ಧಾರಾಳವಾಗಿ ಸೇರಿ. ಕಾಲೇಜಿನ ಅನುಕೂಲಕ್ಕೆ ಸೇರಿಸುತ್ತಿದ್ದರೆ ಅರ್ಧವಾದರೂ ಕಾಲೇಜು ಕೊಡಲಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ನಾಳೆ ಬೇರೆ ಕಡೆ ಕೆಲಸಕ್ಕೆ ಹೋದರೂ ಸದಸ್ಯತ್ವ ನಿಮ್ಮ ಹೆಸರಲ್ಲೇ ಇರುತ್ತದೆ, ಆ ನಂಬರ್ ಆಫೀಸಿನ ಕಡತದಲ್ಲಿ ಬಿಟ್ಟು ಬರಬೇಡಿ.

ಇದಕ್ಕಿಂತ ಮೊದಲು ಇನ್ನೊಂದು ಕೆಲಸ ಮಾಡಿ. ಹೊಸ ಮೇಷ್ಟ್ರುಗಳಿಗೆಂದೇ ಎಐಸಿಟಿಇ ಎಂಟು ಮಾಡ್ಯೂಲ್‌ಗಳ ತರಬೇತಿ ಮಾಡಿಸಿದೆ, ಎನ್‌ಐಟಿಟಿಟಿ ಅಂತ. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಮನೆಯಲ್ಲೇ ಕೂತು ಕಲಿಯಬಹುದು. ಪ್ರಶ್ನೆಪತ್ರಿಕೆ ತೆಗೆಯುವುದು, ಪಾಠದ ಯೋಜನೆ, ಎಲ್ಲ ಅದರಲ್ಲಿದೆ. ಎರಡು ವರ್ಷದ ಅನುಭವ ಇರುವ ನಿಮಗೆ ಅದು ಈಗ ಚೆನ್ನಾಗಿ ತಲೆಗೆ ಹೋಗುತ್ತದೆ.

ಪ್ರಶ್ನೆ: ಡಿಪ್ಲೊಮಾ ಮಾಡಿ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಇದ್ದೇನೆ. ಎಎಂಐಇ ಬರೆದರೆ ಬಿಇಗೆ ಸಮ ಅಂತ ನಮ್ಮ ಸೂಪರ್‌ವೈಸರ್ ಹೇಳುತ್ತಾರೆ. ಅವರು ಮಾಡಿದ್ದೂ ಅದನ್ನೇ. ಕಟ್ಟಲಾ ಸರ್?

ನಿಮ್ಮ ಸೂಪರ್‌ವೈಸರ್ ಸುಳ್ಳು ಹೇಳುತ್ತಿಲ್ಲ, ಅವರ ಕಾಲಕ್ಕೆ ಅದು ನಿಜ. ಎಎಂಐಇ ನಡೆಸುವುದು 1920ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್. ಕೇಂದ್ರ ಕಚೇರಿ ಕೋಲ್ಕತ್ತಾದಲ್ಲಿದೆ, ನಮ್ಮ ರಾಜ್ಯದ ಕೇಂದ್ರ ಇಲ್ಲೇ ಅಂಬೇಡ್ಕರ್ ವೀಧಿಯಲ್ಲಿ. ಹಗಲು ಲೇತ್ ಮೇಲೆ ನಿಂತು ರಾತ್ರಿ ಓದಿ ಎ ಮತ್ತು ಬಿ ಸೆಕ್ಷನ್ ಮುಗಿಸಿ ದೊಡ್ಡ ಹುದ್ದೆಗೆ ಹೋದವರು ನನಗೇ ಎಷ್ಟೋ ಜನ ಗೊತ್ತು. ಆದರೆ ಕೇಂದ್ರ ಸರ್ಕಾರ ಬಿಇಗೆ ಸಮ ಅಂತ ಒಪ್ಪಿದ್ದು 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ. ಈಗ ಸೇರುವವರು ಅದನ್ನು ನಂಬಿಕೊಂಡು ಸರ್ಕಾರಿ ಕೆಲಸಕ್ಕೋ ಎಂಟೆಕ್‌ಗೋ ಅರ್ಜಿ ಹಾಕುವ ಲೆಕ್ಕ ಹಾಕಬೇಡಿ. ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಕೆಲಸ ಬಿಡಲು ಆಗದವರಿಗೆಂದೇ ಬಿಇ ನಡೆಸಲು ಎಐಸಿಟಿಇ ಕೆಲವು ಕಾಲೇಜುಗಳಿಗೆ ಅನುಮತಿ ಕೊಟ್ಟಿದೆ. ಪೀಣ್ಯದ ಶಿಫ್ಟ್ ಮುಗಿಸಿ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತಿಗೆ ಕ್ಲಾಸಿಗೆ ಮುಟ್ಟುತ್ತೀರಿ, ಅದನ್ನೂ ನೋಡಿಕೊಂಡು ಕಾಲೇಜು ಆರಿಸಿ.

ಪ್ರಶ್ನೆ: ಮೊದಲ ವರ್ಷದ ಬಿಇ, ಕೆಂಗೇರಿ. ನಮ್ಮ ಕಾಲೇಜಿನಲ್ಲಿ ಐಟ್ರಿಪಲ್‌ಇ, ಎಸ್‌ಎಇ, ಐಎಸ್‌ಟಿಇ ಮೂರೂ ಸಂಘಗಳ ಚಾಪ್ಟರ್ ಇವೆ. ಮೂರಕ್ಕೂ ಸೇರಿದರೆ ರೆಸ್ಯೂಮೆಗೆ ಒಳ್ಳೆಯದಾ? ಆಕ್ಟಿವಿಟಿ ಪಾಯಿಂಟ್ ಸಿಗುತ್ತಾ?

ಸುಮ್ನೆ ಮೂರು ಕಾರ್ಡ್ ಇಟ್ಟುಕೊಂಡು ಏನು ಮಾಡುತ್ತೀಯಪ್ಪಾ, ಒಂದು ಸಾಕು. ಸರ್ಕ್ಯೂಟ್, ಕೋಡಿಂಗ್ ಇಷ್ಟ ಅಂದರೆ ಐಟ್ರಿಪಲ್‌ಇ. ಆದರೆ ಅದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಗಾಡಿ ಹುಚ್ಚಿದ್ದರೆ ಎಸ್‌ಎಇ. ಬಾಹಾ ಸ್ಪರ್ಧೆಗೆ ಕಾಡುಮೇಡಲ್ಲಿ ಓಡುವ ಬಗ್ಗಿ ಕಟ್ಟಿಕೊಂಡು ಇಂದೋರ್ ಹತ್ತಿರದ ಪೀತಂಪುರಕ್ಕೆ ಹೋಗಿ ಬಂದ ಹುಡುಗರ ಕೈ ನೋಡಿದ್ದೀಯಾ, ಉಗುರು ಸಂದಿಯಲ್ಲಿ ಗ್ರೀಸ್ ಇರುತ್ತದೆ. ಇಂಟರ್‌ವ್ಯೂನಲ್ಲಿ ಅವರು ಮಾತಾಡುವ ಧಾಟಿಯೇ ಬೇರೆ. ಪಾಯಿಂಟ್ ವಿಷಯಕ್ಕೆ ಬಂದರೆ, ವಿಟಿಯುನ 100 ಪಾಯಿಂಟ್ ಕೊಡುವುದು ಊರಿನ ನೀರು, ಕಸ, ಶಾಲೆ ಇಂಥ ಸಮಾಜದ ಕೆಲಸಕ್ಕೆ, ಮೆಂಬರ್‌ಶಿಪ್ ಕಾರ್ಡಿಗೆ ಅಲ್ಲ. ದುಡ್ಡು ಕಟ್ಟುವ ಮುಂಚೆ ಮೂರನೇ ವರ್ಷದ ಸೀನಿಯರ್ ಒಬ್ಬನನ್ನು ಕ್ಯಾಂಟೀನಿಗೆ ಕರೆದು ಕಾಫಿ ಕೊಡಿಸು, ಹೋದ ಸೆಮಿಸ್ಟರಿನಲ್ಲಿ ಚಾಪ್ಟರ್ ಏನು ಮಾಡಿಸಿತು ಅಂತ ಕೇಳು. ಟೀ ಶರ್ಟ್ ಕೊಟ್ಟರು ಅಂದರೆ ಕಾಫಿ ಮುಗಿಸಿ ಎದ್ದು ಬಾ.