ಓದುಗರ ಪ್ರಶ್ನೆ: ಬಂಡೆಯನ್ನೇ ಬಾಗಿಲಾಗಿಸಿಕೊಂಡ ಅಬಲೋನ್

ಪ್ರಶ್ನೆ: ಅಬಲೋನ್ ಚಿಪ್ಪು ನಮ್ಮ ಮರುವಾಯಿಯ ಒಂದು ಹೋಳಿನಂತೆ ಕಾಣುತ್ತದೆ. ಇನ್ನೊಂದು ಹೋಳು ಎಲ್ಲಿ? ಅಂಚಿನಲ್ಲಿ ಸಾಲಾಗಿ ತೂತುಗಳೇಕೆ?
(ಕುಂದಾಪುರದ ಓದುಗರು)

ಉತ್ತರ: ಇನ್ನೊಂದು ಹೋಳು ಇಲ್ಲವೇ ಇಲ್ಲ. ಮರುವಾಯಿ, ನೀಲಿಕಲ್ಲುಗಳದ್ದು ಎರಡು ಚಿಪ್ಪಿನ ಕುಲ. ಅಬಲೋನ್ ಕಡಲ ಬಂಡೆಗಳ ಮೇಲೆ ಬದುಕುವ, ಬಸವನಹುಳುವಿನ ನೆಂಟ. ಚಿಪ್ಪಿನ ಹೊರಮೈಯಲ್ಲಿ ಒಂದು ತುದಿಗೆ ಚಿಕ್ಕ ಸುರುಳಿ ಇರುವುದನ್ನು ಗಮನಿಸಿ. ಕೆಳಬದಿಗೆ ಬಂಡೆಯೇ ಬಾಗಿಲು: ಅಗಲವಾದ ಮಾಂಸಲ ಪಾದದಿಂದ ಅಂಟಿಕೊಂಡು, ಅಪಾಯ ಕಂಡರೆ ಚಿಪ್ಪನ್ನು ಬಂಡೆಗೆ ಒತ್ತಿಬಿಡುತ್ತದೆ.

ತೂತುಗಳು ಚಿಪ್ಪಿನೊಡನೆಯೇ ಬೆಳೆಯುತ್ತವೆ. ಬೆಳೆಯುವ ಅಂಚಿನಲ್ಲಿ ಸೀಳೊಂದು ಉಳಿದು, ಸುತ್ತ ಕೂಡಿಕೊಂಡು ತೂತಾಗುತ್ತದೆ. ಹಳೆಯವು ಒಂದೊಂದಾಗಿ ತುಂಬಿಹೋಗುತ್ತವೆ. ಕಿವಿರು ಹಾಯ್ದ ನೀರು, ಮಲ, ಮೊಟ್ಟೆ, ವೀರ್ಯ ಎಲ್ಲವೂ ಹೊರಬೀಳುವುದು ಇಲ್ಲಿಂದಲೇ. ಜಾತಿ ಗುರುತಿಸಲೂ ಇವು ನೆರವಾಗುತ್ತವೆ: ಕ್ಯಾಲಿಫೋರ್ನಿಯದ ಕೆಂಪು ಅಬಲೋನ್‌ಗೆ ಸಾಮಾನ್ಯವಾಗಿ 3-4 ತೆರೆದ ತೂತುಗಳು, ಕಪ್ಪು ಜಾತಿಗೆ 5ರಿಂದ 9.

ಪ್ರಶ್ನೆ: ಉತ್ತರ ಕ್ಯಾಲಿಫೋರ್ನಿಯದ ಕರಾವಳಿ ಊರು ಫೋರ್ಟ್ ಬ್ರಾಗ್ ಕಡೆ ಹೋಗುತ್ತಿದ್ದೇವೆ. ಒಂದೆರಡು ಕೆಂಪು ಅಬಲೋನ್ ಕಿತ್ತು ನೋಡಿ, ಚಿಕ್ಕದಾದರೆ ಮತ್ತೆ ನೀರಿಗೆ ಬಿಟ್ಟರೆ ತಪ್ಪೇನು?
(ಫ್ರೀಮಾಂಟ್‌ನಲ್ಲಿರುವ ಕನ್ನಡಿಗರು)

ಉತ್ತರ: ದಯವಿಟ್ಟು ಮುಟ್ಟಬೇಡಿ. ಅಲ್ಲಿನ ಹವ್ಯಾಸಿ ಬೇಟೆಯನ್ನು 2018ರಲ್ಲೇ ನಿಲ್ಲಿಸಲಾಗಿದೆ. ಕಾನೂನನ್ನು ಬದಿಗಿಟ್ಟರೂ, ಕಿತ್ತು ಬಿಟ್ಟದ್ದು ಬದುಕುತ್ತದೆಂಬ ಭರವಸೆ ಇಲ್ಲ. ಅಬಲೋನ್ ರಕ್ತ ನಮ್ಮದರಂತೆ ಹೆಪ್ಪುಗಟ್ಟುವುದಿಲ್ಲ. ಪಾದಕ್ಕೆ ಆಳವಾದ ಗಾಯವಾದರೆ ಸೋರಿ ಸೋರಿಯೇ ಸಾಯಬಹುದು. ಬೇಟೆಗೆ ಅನುಮತಿ ಇದ್ದ ಕಾಲದಲ್ಲಿ ಕೀಳುವ ಕಬ್ಬಿಣದ ಪಟ್ಟಿಗೂ ನಿಯಮವಿದ್ದದ್ದು ಇದಕ್ಕೇ: ಅಗಲ ಕನಿಷ್ಠ ಮುಕ್ಕಾಲು ಅಂಗುಲ, ಅಂಚೆಲ್ಲ ಉರುಟು. ಪ್ರಾಣಿ ಬಿಗಿಯುವ ಮೊದಲೇ ಪಟ್ಟಿಯನ್ನು ಅಡಿಗೆ ತೂರಿಸಿ, ತುದಿ ಪಾದವನ್ನು ಚುಚ್ಚದೆ ಬಂಡೆಯನ್ನು ಒತ್ತುವಂತೆ ಹಿಡಿಯನ್ನು ಮೇಲೆತ್ತಬೇಕಿತ್ತು. 7 ಅಂಗುಲಕ್ಕಿಂತ ಚಿಕ್ಕದಾದರೆ ತೆಗೆದ ಜಾಗದಲ್ಲೇ ಮತ್ತೆ ಅಂಟಿಸಬೇಕಿತ್ತು. ಸುಮ್ಮನೆ ಎಸೆದರೆ ಅಂಗಾತ ಬಿದ್ದು, ಏಡಿ, ಮೀನುಗಳ ಪಾಲಾಗುತ್ತದೆ. ಆ 7 ಅಂಗುಲ ಬೆಳೆಯಲು ಸುಮಾರು 12 ವರ್ಷ ಬೇಕು.

ಬೇಟೆ ನಿಲ್ಲಿಸಲು ಕಾರಣ ಅಬಲೋನ್‌ಗಳ ಹಸಿವು. 2013ರಿಂದ ರೋಗ ಬಂದು ನಕ್ಷತ್ರಮೀನುಗಳು ಸತ್ತವು. ಅವು ತಿನ್ನುತ್ತಿದ್ದ ನೇರಳೆ ಸೀ ಅರ್ಚಿನ್‌ಗಳು, ಅಂದರೆ ಮುಳ್ಳುಚೆಂಡಿನಂಥ ಜೀವಿಗಳು, ಮಿತಿಮೀರಿದವು. 2014-16ರಲ್ಲಿ ಸಮುದ್ರ ಕಾದು, ಕೆಲ್ಪ್ ಎಂಬ ದೊಡ್ಡ ಕಡಲಪಾಚಿ ಸೊರಗಿತು. ಉಳಿದದ್ದನ್ನು ಅರ್ಚಿನ್‌ಗಳು ಮೇಯ್ದವು. ಉತ್ತರ ಕ್ಯಾಲಿಫೋರ್ನಿಯದಲ್ಲಿ ಶೇ. 90ಕ್ಕೂ ಹೆಚ್ಚು ಕೆಲ್ಪ್ ಹೋಯಿತು. ಅಬಲೋನ್ ಹೆಚ್ಚು ಓಡಾಡಿ ಮೇಯುವ ಪ್ರಾಣಿಯಲ್ಲ. ತೇಲಿ ಬಂದ ಕೆಲ್ಪ್ ತುಂಡನ್ನು ಪಾದದಡಿ ಹಿಡಿದು, ಒರಟು ನಾಲಗೆಯಿಂದ ಕೆರೆದು ತಿನ್ನುತ್ತದೆ. ತೇಲಿ ಬರುವುದೇ ನಿಂತಾಗ ಚಿಪ್ಪಿನೊಳಗೇ ಸೊರಗಿ ಸತ್ತವು.

ಬೇಟೆ ನಿಲ್ಲಿಸಿದ ಮಾತ್ರಕ್ಕೆ ಸಂಖ್ಯೆ ಏರುವುದಿಲ್ಲ. ಇವು ಕೂಡುವುದಿಲ್ಲ, ಗಂಡು ವೀರ್ಯವನ್ನೂ ಹೆಣ್ಣು ಮೊಟ್ಟೆಯನ್ನೂ ನೀರಿಗೆ ಬಿಡುತ್ತವೆ. ಕೆಲವೇ ಮೀಟರ್ ಅಂತರದಲ್ಲಿ ಜೊತೆಯಿಲ್ಲದಿದ್ದರೆ ಎಲ್ಲವೂ ಅಲೆಯಲ್ಲಿ ಕದಡಿಹೋಗುತ್ತದೆ. ಫಲಿಸಿದ ಮರಿಯೂ ಸ್ವಲ್ಪ ದಿನ ಮೊಟ್ಟೆಯಲ್ಲಿ ಕೂಡಿಟ್ಟ ಆಹಾರದ ಬಲದಿಂದಲೇ ಈಜಿ, ಬಂಡೆಗೆ ಹತ್ತಿದ ಗುಲಾಬಿ ಸುಣ್ಣಪಾಚಿಯ ವಾಸನೆ ಹಿಡಿದು ಅದರ ಮೇಲೆ ಇಳಿಯಬೇಕು. ದೂರದೂರ ಉಳಿದ ನೂರು ಅಬಲೋನ್‌ಗಿಂತ, ಒಂದೇ ಬಿರುಕಿನಲ್ಲಿ ಒತ್ತೊತ್ತಾಗಿರುವ ಹತ್ತು ಹೆಚ್ಚು ಬೆಲೆಬಾಳುತ್ತವೆ.

ಪ್ರಶ್ನೆ: ಭಾರತದಲ್ಲಿ ಅಬಲೋನ್ ಇದೆಯೇ?
(ಮೈಸೂರಿನ ವಿದ್ಯಾರ್ಥಿ)

ಉತ್ತರ: ಇದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕಲ್ಲು, ಹವಳದ ಬುಡಗಳಲ್ಲಿ ಹಾಲಿಯೋಟಿಸ್ ವೇರಿಯಾ ಎಂಬ ಜಾತಿ ಸಿಗುತ್ತದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಹಗಲು ಹೊರಬರುವುದು ಅಪರೂಪ. ಕಲ್ಲು ಮಗುಚಿ ನೋಡಿದರೆ ಮತ್ತೆ ಇದ್ದಂತೆಯೇ ಇಡಿ. ಅದರ ಅಡಿಯಲ್ಲಿರುವ ಜೀವಗಳಿಗೆ ಬಿಸಿಲು ತಾಗಬಾರದು.