ಮರುನೇಮಕವೋ, ಗುತ್ತಿಗೆಯೋ? ಆದೇಶದ ಪದವನ್ನು ಮೊದಲು ಓದಿ

ಪ್ರಶ್ನೆ: ಕೇಂದ್ರ ಸರ್ಕಾರದ ಇಲಾಖೆಯೊಂದರ ಲೆಕ್ಕಪತ್ರ ವಿಭಾಗದಿಂದ ಕಳೆದ ವರ್ಷ ನಿವೃತ್ತನಾದೆ. ನಾನು ಗ್ರೂಪ್ ‘ಎ’ (ಉನ್ನತ ದರ್ಜೆಯ) ಅಧಿಕಾರಿಯಾಗಿರಲಿಲ್ಲ. ಕೊನೆಯ ಮೂಲ ವೇತನ 60,400 ರೂಪಾಯಿ; ಪಿಂಚಣಿಯ ಶೇ 40ರಷ್ಟನ್ನು ಕಮ್ಯುಟೇಷನ್ ಮಾಡಿಸಿದ್ದೇನೆ, ಅಂದರೆ ಆ ಪಾಲನ್ನು ಬಿಟ್ಟುಕೊಟ್ಟು ಒಂದೇ ಸಲಕ್ಕೆ ಇಡಿಗಂಟು ಪಡೆದಿದ್ದೇನೆ. ಈಗ ಶಿವಮೊಗ್ಗದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಯೊಂದು ವರ್ಷದ ಮಟ್ಟಿಗೆ ಕೆಲಸಕ್ಕೆ ಕರೆದಿದೆ. ಒಪ್ಪಿದರೆ ಪಿಂಚಣಿ ನಿಲ್ಲುವುದೇ? ಊರಿನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದೇ ಲೇಸೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಪಿಂಚಣಿ ನಿಲ್ಲುವುದಿಲ್ಲ. ಆದರೆ ಅದರ ಮೇಲಿನ ತುಟ್ಟಿ ಪರಿಹಾರ (ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿಯೊಂದಿಗೆ ಸಿಗುವ ಮೊತ್ತ) ಉಳಿಯುವುದೇ ಎಂಬುದು ನಿಮ್ಮ ಕೈಗೆ ಬರುವ ಆದೇಶದಲ್ಲಿ ‘ಮರುನೇಮಕ’ ಎಂದಿದೆಯೋ, ‘ಗುತ್ತಿಗೆ’ ಎಂದಿದೆಯೋ ಎನ್ನುವುದನ್ನು ಅವಲಂಬಿಸಿದೆ. ಮರುನೇಮಕವಾದರೆ ಸಾಮಾನ್ಯವಾಗಿ ಆ ಅವಧಿಗೆ ತುಟ್ಟಿ ಪರಿಹಾರ ದೊರೆಯದು. ಗುತ್ತಿಗೆಯಾದರೆ, ಇದನ್ನು ಮರುನೇಮಕವೆಂದು ಪರಿಗಣಿಸುವುದಿಲ್ಲ, ಪಿಂಚಣಿ ಮತ್ತು ತುಟ್ಟಿ ಪರಿಹಾರ ಎರಡೂ ಮುಂದುವರಿಯುತ್ತವೆ ಎಂಬ ಷರತ್ತು ಇಂತಹ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಗುತ್ತಿಗೆಯ ಸಂಭಾವನೆಯನ್ನು ಕೇಂದ್ರ ಹಣಕಾಸು ಸಚಿವಾಲಯದ 2020ರ ಡಿಸೆಂಬರ್ ಆದೇಶದಂತೆ, ಕೊನೆಯ ಮೂಲ ವೇತನದಿಂದ ಮೂಲ ಪಿಂಚಣಿಯನ್ನು ಕಳೆದು ನಿಗದಿಪಡಿಸುತ್ತಾರೆ. ಎಡವುವವರು ಹೆಚ್ಚು ಇರುವುದು ಇಲ್ಲೇ. ನಿಮ್ಮ ಮೂಲ ಪಿಂಚಣಿ 30,200 ರೂಪಾಯಿ. ಕಮ್ಯುಟೇಷನ್‌ಗೆ ಹೋದ 12,080 ರೂಪಾಯಿಯನ್ನು ಬಿಟ್ಟು ಈಗ ನಿಮಗೆ ಬರುತ್ತಿರುವುದು 18,120 ರೂಪಾಯಿ. ಆದರೂ ಕಳೆಯುವುದು ಪೂರ್ಣ 30,200 ರೂಪಾಯಿಯನ್ನೇ. ಹಾಗಾಗಿ ಸಂಭಾವನೆಯೂ 30,200 ರೂಪಾಯಿಯೇ ಆಗುತ್ತದೆ. ಗುತ್ತಿಗೆ ಮುಗಿಯುವವರೆಗೆ ಅದು ಬದಲಾಗದು. ವಾರ್ಷಿಕ ವೇತನ ಬಡ್ತಿಯಾಗಲಿ, ತುಟ್ಟಿಭತ್ಯೆಯಾಗಲಿ ಸೇರದು. ಸಮಾಧಾನದ ಸಂಗತಿಯೆಂದರೆ, ಪಿಂಚಣಿಯ ತುಟ್ಟಿ ಪರಿಹಾರವನ್ನು ಲೆಕ್ಕ ಹಾಕುವುದೂ ಪೂರ್ಣ 30,200 ರೂಪಾಯಿಯ ಮೇಲೆಯೇ. ಓಡಾಟಕ್ಕೆ ನಿವೃತ್ತಿಯ ವೇಳೆಯ ದರವನ್ನು ಮೀರದಂತೆ ಸಾರಿಗೆ ಭತ್ಯೆ ಕೊಡಲು ಅವಕಾಶವಿದೆ. ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ದಿನವೂ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಹೋಗಿಬರಬೇಕಾದ ನೀವು ಇದನ್ನು ಕೇಳದೆ ಬಿಡಬಾರದು.

ಖಾಸಗಿ ಮಂಡಿಯ ಕೆಲಸದಿಂದ ಪಿಂಚಣಿಗಾಗಲಿ, ತುಟ್ಟಿ ಪರಿಹಾರಕ್ಕಾಗಲಿ ಧಕ್ಕೆಯಿಲ್ಲ. ನಿವೃತ್ತಿಯ ನಂತರದ ಒಂದು ವರ್ಷದೊಳಗೆ ವಾಣಿಜ್ಯ ಉದ್ಯೋಗಕ್ಕೆ ಪೂರ್ವಾನುಮತಿ ಬೇಕೆಂಬ ನಿಯಮವಿರುವುದು ಗ್ರೂಪ್ ‘ಎ’ ಅಧಿಕಾರಿಗಳಿಗೆ. ಮನೆಗೆ ಹತ್ತಿರವಿದ್ದು ಸಂಬಳ 25,000 ರೂಪಾಯಿಯ ಆಸುಪಾಸಿನಲ್ಲಿದ್ದರೆ, ನನ್ನ ಅಭಿಪ್ರಾಯದಲ್ಲಿ ಮಂಡಿಯೇ ವಾಸಿ. ರಾಜ್ಯ ಸರ್ಕಾರದಿಂದ ನಿವೃತ್ತರಾದ ನೆರೆಹೊರೆಯವರ ಅನುಭವವನ್ನು ಮಾತ್ರ ಇಲ್ಲಿ ಆಧಾರವಾಗಿಟ್ಟುಕೊಳ್ಳಬೇಡಿ, ಅವರಿಗೆ ಅನ್ವಯಿಸುವುದು ಕರ್ನಾಟಕ ನಾಗರಿಕ ಸೇವಾ ನಿಯಮಗಳು.

ಯಾವುದನ್ನೇ ಆರಿಸಿಕೊಂಡರೂ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸುವಾಗ ಉದ್ಯೋಗದ ಬಗ್ಗೆ ಕೇಳುವ ಘೋಷಣೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮರುನೇಮಕವನ್ನು ಮುಚ್ಚಿಟ್ಟು ಪಡೆದ ತುಟ್ಟಿ ಪರಿಹಾರವನ್ನು ಮುಂದೆ ಪಿಂಚಣಿಯಿಂದಲೇ ವಸೂಲು ಮಾಡುತ್ತಾರೆ.