ಅಷ್ಟು ದೊಡ್ಡ ಬೀದಿ ಎಲ್ಲಿ ಹೋಯಿತು?

ಪ್ರಿಯ ಓದುಗರೇ,

ಹೊಲಗದ್ದೆಗಳ ನಡುವಿನ ಸಣ್ಣ ಊರಲ್ಲಿ ಬೆಳೆದವರು ನೀವು. ಬಹಳ ವರ್ಷಗಳ ಮೇಲೆ ಅಲ್ಲಿಗೆ ಹೋದಾಗ ಬೀದಿ ಇಕ್ಕಟ್ಟಾಗಿ ಕಂಡಿತು, ಶಾಲೆಯ ಬಯಲು ಇಷ್ಟೇನಾ ಅನ್ನಿಸಿತು. ಹಳೆಯ ಘಟನೆಯೊಂದನ್ನು ನೆನಪಿಸಿದರೆ ನಿಮ್ಮ ಅಣ್ಣ ‘ಹಾಗೆ ನಡೆದೇ ಇಲ್ಲ’ ಅಂದರು. ಮಕ್ಕಳು ‘ಮತ್ತೆ ಶುರುವಾಯ್ತಾ’ ಅಂದರು. ‘ನಾನು ಹಳೆಯದರಲ್ಲೇ ಬದುಕುತ್ತಿದ್ದೇನಾ? ಬಿಟ್ಟುಬಿಡಬೇಕಾ?’ ಎಂದು ಕೇಳಿದ್ದೀರಿ.

ಬಿಡಬೇಡಿ. ಆದರೆ ಹೇಳುವುದರ ಜೊತೆಗೆ ಬರೆದೂ ಇಡಿ.

ಬೀದಿಯ ವಿಷಯ ಮೊದಲು. ನೀವು ಆಗ ಕಂಡದ್ದು ಸುಳ್ಳಲ್ಲ. ನಾವು ಸುತ್ತಲಿನದನ್ನು ಅಳೆಯುವುದು ನಮ್ಮ ಮೈಯಿಂದಲೇ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕನ್ನಡಕದಂಥ ಪರದೆಯ ಮೂಲಕ, ಪುಟ್ಟ ಗೊಂಬೆಯ ಮೈಯೇ ತಮ್ಮ ಮೈ ಎಂಬ ಭ್ರಮೆಯನ್ನು ದೊಡ್ಡವರಲ್ಲಿ ಹುಟ್ಟಿಸಿದರು. ಆಗ ಅವರಿಗೆ ಎದುರಿನ ವಸ್ತುಗಳು ನಿಜಕ್ಕಿಂತ ದೊಡ್ಡದಾಗಿ, ದೂರವಾಗಿ ಕಂಡವು. ಮೂರಡಿ ಎತ್ತರದ ಮಗುವಿಗೆ ಆ ಬೀದಿ ನಿಜವಾಗಿಯೂ ಅಗಲವಾಗಿತ್ತು, ಅಲ್ವಾ?

ಅದಕ್ಕಿಂತ ಮುಖ್ಯವಾದದ್ದು, ಆ ಬೀದಿಯಲ್ಲಿ ನೀವು ಒಬ್ಬರೇ ತಿರುಗಬಹುದಿತ್ತು. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಹಬ್ಬ, ಪರೀಕ್ಷೆ, ಬಹುಮಾನದ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಯಾವ ಗೋಡೆ ಹತ್ತಬಹುದಿತ್ತು, ಯಾವ ದಾರಿ ಹತ್ತಿರವಾಗಿತ್ತು, ಎಲ್ಲಿ ಅಡಗಿದರೆ ಯಾರಿಗೂ ಸಿಗುತ್ತಿರಲಿಲ್ಲ ಎಂಬುದನ್ನು ಬರೆದಿದ್ದೀರಿ. ರೋಜರ್ ಹಾರ್ಟ್ ಎಂಬ ಸಂಶೋಧಕರು 1970ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನ ಮಕ್ಕಳ ಹಿಂದೆಯೇ ಓಡಾಡಿ, ಅವರು ಹೋಗುವ ಜಾಗಗಳ ನಕ್ಷೆ ಬರೆದರು. ಆ ಮಕ್ಕಳಿಗೂ ಇಂಥವೇ ಜಾಗಗಳಿದ್ದವು. ದಶಕಗಳ ನಂತರ ಹಾರ್ಟ್ ಮತ್ತೆ ಅದೇ ಊರಿಗೆ ಹೋದರು. ಅಷ್ಟರಲ್ಲಿ ಆ ಮಕ್ಕಳೇ ತಂದೆತಾಯಿಗಳಾಗಿದ್ದರು, ತಮ್ಮ ಮಕ್ಕಳನ್ನು ಅಷ್ಟು ದೂರ ಒಂಟಿಯಾಗಿ ಬಿಡುತ್ತಿರಲಿಲ್ಲ. ನಿಮ್ಮ ಮಕ್ಕಳಿಗೆ ನಿಮ್ಮ ಕಥೆ ಬೇಸರ ತರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅವರಿಗೆ ಹಾಗೆ ತಿರುಗಿ ಗೊತ್ತೇ ಇಲ್ಲ. ಊರಿನ ನಕ್ಷೆ ಬರೆದು ತೋರಿಸಿ ನೋಡಿ.

ಇನ್ನು ನಿಮ್ಮ ಅಣ್ಣನ ಮಾತು. ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಕೇಂಬ್ರಿಡ್ಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ವಾದಿಸಿದ್ದರು. 1995ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹೋದ್ಯೋಗಿ 24 ಜನರಿಗೆ ಅವರ ಬಾಲ್ಯದ ಮೂರು ನಿಜ ಘಟನೆಗಳ ಜೊತೆ ಒಂದು ಸುಳ್ಳು ಘಟನೆಯನ್ನೂ ಕೊಟ್ಟರು: ಚಿಕ್ಕಂದಿನಲ್ಲಿ ಅಂಗಡಿಗಳ ಸಂಕೀರ್ಣದಲ್ಲಿ ಮನೆಯವರಿಂದ ಬೇರೆಯಾಗಿ ಕಳೆದುಹೋಗಿದ್ದು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯಾಗಿ ಇಲ್ಲವೇ ಸ್ವಲ್ಪಮಟ್ಟಿಗೆ ‘ನೆನಪಿಸಿಕೊಂಡರು’. ಹಾಗಾಗಿ ಅಣ್ಣನ ಜೊತೆ ಜಗಳ ಬೇಡ. ಅವರೂ ತಪ್ಪಿರಬಹುದು, ನೀವೂ ತಪ್ಪಿರಬಹುದು. ಆದರೆ ಆ ಊರನ್ನು, ಆ ಮನೆಯನ್ನು ಒಳಗಿನಿಂದ ಬಲ್ಲವರು ಇನ್ನೆಷ್ಟು ಜನ ಉಳಿದಿದ್ದಾರೆ? ಅವರು ಇರುವಾಗಲೇ ಕೇಳಿಕೊಳ್ಳಿ.

ಹಳೆಯದನ್ನು ನೆನೆಯುವುದು ಕಾಯಿಲೆಯಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವೈದ್ಯಕೀಯ ವಿದ್ಯಾರ್ಥಿ ಯೊಹಾನೆಸ್ ಹೋಫರ್ ಊರಿನ ಹಂಬಲವನ್ನು ರೋಗವೆಂದೇ ಬರೆದಿದ್ದ. ಈಗಿನ ಸಂಶೋಧಕರು ಹಾಗೆ ಹೇಳುವುದಿಲ್ಲ. ಒಂಟಿತನ ಕಾಡಿದಾಗ ಇಂಥ ನೆನಪುಗಳು ಜಾಸ್ತಿ ಬರುತ್ತವೆ, ಬಂದು ‘ನನಗೂ ನನ್ನವರಿದ್ದಾರೆ’ ಎಂಬ ಭಾವ ಕೊಡುತ್ತವೆ ಎಂದು ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಯನಗಳು ತೋರಿಸಿವೆ.

ಒಂದು ಮಾತು ಮಾತ್ರ ಹೇಳಲೇಬೇಕು. ಬರೆಯುವಾಗ ಸಿಹಿಯನ್ನಷ್ಟೇ ಆರಿಸಬೇಡಿ. ಎಲ್ಲರಿಗೂ ಎಲ್ಲರ ಗುರುತಿದ್ದ ಊರದು. ಬಿದ್ದರೆ ಯಾರಾದರೂ ಎತ್ತುತ್ತಿದ್ದರು ಎಂದಿದ್ದೀರಿ. ಅದೇ ಕಣ್ಣುಗಳು ಯಾರನ್ನೋ ಉಸಿರುಗಟ್ಟಿಸಿಯೂ ಇರಬಹುದು. ಆಟಕ್ಕೆ ಸೇರಿಸಿಕೊಳ್ಳದ ಮಗು ಯಾವುದಾದರೂ ಇತ್ತಾ? ಅದೂ ಬರಲಿ.

ಬರೆದಾದ ಮೇಲೆ ನಮಗೆ ಕಳಿಸಿ. ಅಣ್ಣನಿಗೂ ಅದೇ ಘಟನೆಯನ್ನು ತಮ್ಮ ನೆನಪಿನಂತೆ ಬರೆಯಲು ಹೇಳಿ. ಎರಡನ್ನೂ ಅಕ್ಕಪಕ್ಕದ ಪುಟಗಳಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ